ದೊಡ್ಡ ಬಕೆಟ್ಟಿನ ಕೆಳಗೆ

ಮಲೇಷ್ಯಾದಲ್ಲಿದ್ದ ಐದು ದಿನವೂ ನಾನು ನನ್ನ ಕೈಗಡಿಯಾರವನ್ನು ಅಲ್ಲಿಯ ವೇಳೆಗೆ ತಿರುಗಿಸಲಿಲ್ಲ. ಅಲ್ಲಿಯವರು ನಮಗಿಂತ ಎರಡೂವರೆ ಗಂಟೆ ಮುಂದಿದ್ದಾರೆ. ವಿಮಾನದಿಂದ ಇಳಿದ ಕೂಡಲೇ ಜೊತೆಯವರೆಲ್ಲ ಮುಳ್ಳು ತಿರುಗಿಸಿಕೊಂಡರು. ನಾನು ಮಾತ್ರ ಗುಬ್ಬಿಯ ಗಂಟೆಯನ್ನೇ ಕಟ್ಟಿಕೊಂಡು ಓಡಾಡಿದೆ. ಈಗ ಅಮ್ಮ ಹಾಲು ಕಾಯಿಸಿರಬೇಕು, ಈಗ ತಮ್ಮ ಅಂಗಡಿ ಬಾಗಿಲು ತೆಗೆದಿರಬೇಕು, ಈಗ ಚೇಳೂರಿನ ಬಸ್ಸು ಹೊರಟಿರಬೇಕು ಎಂದು ಅಂದಾಜು ಮಾಡದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ಹೆಂಡತಿ ಗಿರಿಜಾ ಇದನ್ನು ಕಾಯಿಲೆ ಎನ್ನುತ್ತಾಳೆ. "ವಿಮಾನ ಹತ್ತಿರೋದು ನಿಮ್ಮ ಮೈ ಮಾತ್ರ. ಜೀವ ಗುಬ್ಬಿ ಬಸ್‌ಸ್ಟ್ಯಾಂಡಲ್ಲೇ ಇಳ್ಕೊಂಡಿದೆ. ನೀವು ಮಲೇಷ್ಯಾಕ್ಕೆ ಬರೋದು ಯಾವಾಗ?" ಎಂದು ದಿನಕ್ಕೆರಡು ಸಲವಾದರೂ ಕೇಳುತ್ತಿದ್ದಳು.

ನಮ್ಮದು ಗುಬ್ಬಿಯಲ್ಲಿ ಪಂಪ್‌ಸೆಟ್ ಅಂಗಡಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮೋಟರು ಚೆನ್ನಾಗಿ ಮಾರಿದ ಡೀಲರುಗಳನ್ನು ಕಂಪನಿಯವರು ಸಂಸಾರ ಸಮೇತ ಹೊರದೇಶ ಸುತ್ತಿಸಿಕೊಂಡು ಬರುವ ಕಾಲ ಅದು. ತುಮಕೂರು ಜಿಲ್ಲೆಯಿಂದ ಆ ಸಲ ಆಯ್ಕೆಯಾದವರು ಇಬ್ಬರೇ. ಗುಬ್ಬಿಯಿಂದ ನಾನು, ಕುಣಿಗಲ್ಲಿನಿಂದ ಶಿವಣ್ಣ. ತುಮಕೂರು ಪಕ್ಕದ ಸತ್ಯಮಂಗಲದಲ್ಲಿದ್ದ ಕಂಪನಿ ಗೋಡೌನಿಗೆ ಸರಕು ತರಲು ಹೋದಾಗಲೆಲ್ಲ ಸಿಕ್ಕಿ, ಕಾಫಿ ಕುಡಿದು ಬೆಳೆದ ಸ್ನೇಹ ನಮ್ಮದು. ಅವನು ನನಗಿಂತ ಆರೇಳು ವರ್ಷ ಚಿಕ್ಕವನು, ಹುಲಿಯೂರುದುರ್ಗದ ಹತ್ತಿರದ ಹಳ್ಳಿಯವನು. ಬಾಯಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಹೆಂಡತಿ ಮಂಜುಳಾ, ಹನ್ನೆರಡು ವರ್ಷದ ಮಗಳು ಕಾವ್ಯ, ಎಂಟು ವರ್ಷದ ಮಗ ಚೇತನ್ ಅವನ ಜೊತೆ. ನನ್ನ ಜೊತೆ ಗಿರಿಜಾ ಮತ್ತು ಹದಿಮೂರು ವರ್ಷದ ರಶ್ಮಿ.

ಎತ್ತರದ ಜೋಡಿ ಕಟ್ಟಡ ನೋಡಿದಿರಾ, ಗುಹೆಯ ದೇವರನ್ನು ನೋಡಿದಿರಾ ಎಂದು ಬಂದವರೆಲ್ಲ ಕೇಳುತ್ತಾರೆ. ನೋಡಿದೆವು. ಆದರೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ನಾಲ್ಕನೆಯ ದಿನ. ಎರಡು ಸಂಸಾರವೂ ಸೇರಿ ನೀರಾಟದ ಪಾರ್ಕಿಗೆ ಹೋದ ದಿನ.

ಎಣ್ಣೆಮರದ ದಾರಿ

ಅದಕ್ಕೂ ಮೊದಲು ಮೊದಲನೇ ದಿನದ ಒಂದು ಅವಮಾನವನ್ನು ಹೇಳಿಬಿಡುತ್ತೇನೆ. ಏರ್‌ಪೋರ್ಟಿನಿಂದ ಊರಿಗೆ ಬರುವ ದಾರಿಯ ಎರಡೂ ಕಡೆ ಕಣ್ಣು ಹಾಯುವವರೆಗೂ ಒಂದೇ ಜಾತಿಯ ಮರ. ತೆಂಗಿನ ಸೀಮೆಯವರಿಗೆ ಮರ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ನಾನು "ತಿಪಟೂರಿನವರು ಇದನ್ನ ನೋಡಿದ್ರೆ ಎದೆ ಒಡ್ಕೋತಾರೆ, ಎಂಥ ತೋಟ!" ಎಂದೆ. ಶಿವಣ್ಣ ಗಾಜಿಗೆ ಮೂಗು ಒತ್ತಿ, "ಗಿಡ್ಡ ತಳಿ ಕಣಣ್ಣ ಇದು. ಆದ್ರೂ ಒತ್ತಾಗಿ ಹಾಕವ್ರೆ, ಫಸಲು ಬರಕ್ಕಿಲ್ಲ" ಎಂದು ತೀರ್ಪು ಕೊಟ್ಟ. ಕಾಲು ಗಂಟೆ ನಾವಿಬ್ಬರೂ ಆ ತೋಟದ ಯಜಮಾನನಿಗೆ ಗೊಬ್ಬರ, ನೀರು, ಪಾತಿಯ ಬಗ್ಗೆ ಬುದ್ಧಿ ಹೇಳಿದೆವು. ಕೊನೆಗೆ ನಮ್ಮ ತಮಿಳು ಡ್ರೈವರು ಕನ್ನಡಿಯಲ್ಲಿ ನೋಡಿ ನಕ್ಕು, ಅದು ತೆಂಗಲ್ಲ, ಎಣ್ಣೆ ತೆಗೆಯುವ ತಾಳೆ ಎಂದ. ಮಕ್ಕಳು ಹಿಂದಿನ ಸೀಟಿನಲ್ಲಿ ಬಿದ್ದು ಬಿದ್ದು ನಕ್ಕರು.

ಶಿವಣ್ಣನಿಗೆ ಇಂಥದ್ದರಿಂದ ಮುಖ ಸಣ್ಣಗಾಗುವುದಿಲ್ಲ. ಮೂರನೆಯ ದಿನ ಪೇಟೆಗೆ ಹೋದಾಗ ಎಲ್ಲರೂ ಸೆಂಟು, ಚಾಕೊಲೇಟು ಕೊಂಡರೆ ಅವನು ಒಂದು ಟಾರ್ಚು ಕೊಂಡ. ಸೆಲ್ಲು ಬೇಡ, ಪಕ್ಕದ ಹಿಡಿ ತಿರುಗಿಸಿದರೆ ಉರಿಯುತ್ತದೆ. "ದೊಡ್ಡಪ್ಪಂಗೆ" ಎಂದ. ನನಗೆ ಆಶ್ಚರ್ಯವಾಯಿತು. ಯಾಕೆಂದರೆ ದೊಡ್ಡಪ್ಪನ ಜೊತೆ ಅವನು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಜಗಳದ ಕಾರಣ ಕೇಳಿದರೆ ನೀವು ನಗುತ್ತೀರಿ. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡ ಶಿವಣ್ಣನನ್ನೂ ತಮ್ಮ ಕುಮಾರನನ್ನೂ ಸಾಕಿದವರು ಆ ದೊಡ್ಡಪ್ಪ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿ ಈಜು ಕಲಿಸಿದವರು. ಅಂಥವರು ತಮ್ಮ ಹಳೆಯ ಬಾವಿಯ ಮೋಟರು ಕೆಟ್ಟಾಗ ಮಗನಂಥವನ ಅಂಗಡಿ ಬಿಟ್ಟು, ಮದ್ದೂರಿಗೆ ಹೋಗಿ ಬೇರೆ ಕಂಪನಿಯ ಮೋಟರು ತಂದು ಕೂರಿಸಿದರು. ಪಂಪ್‌ಸೆಟ್ ಮಾರುವವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಊರವರೆಲ್ಲ ಆಡಿಕೊಂಡರು. ಶಿವಣ್ಣ ಆ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟ.

"ಇಲ್ಲಿಂದ ಹೋದ್ ತಕ್ಷಣ ಕೊಡ್ತೀನಿ ಕಣಣ್ಣ" ಎಂದ ಟಾರ್ಚನ್ನು ತಿರುಗಿಸುತ್ತಾ. "ತ್ವಾಟ ಕಾಯಕ್ಕೆ ಬೇಕಾಯ್ತದೆ ಮುದುಕಂಗೆ. ಸಾಕು ಬುಡಿ, ಎಷ್ಟು ದಿನ ಅಂತ ಮುಖ ತಿರುಗ್ಸೋದು."

ಹೋಟೆಲಿನ ಬಾಗಿಲು

ನಾಲ್ಕನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಎಲ್ಲರೂ ವ್ಯಾನು ಹತ್ತುತ್ತಿದ್ದರು. ನನ್ನ ಗಡಿಯಾರದಲ್ಲಿ ಆರೂವರೆ. ಹೊರದೇಶದಲ್ಲೂ ಮಾತಾಡಬಹುದಾದ ಮೊಬೈಲು ನಮ್ಮಿಬ್ಬರಲ್ಲಿ ನನ್ನದೊಂದೇ. ಅದು ರಿಂಗಾಯಿತು. ಶಿವಣ್ಣನ ತಮ್ಮ ಕುಮಾರ.

"ನಾಗಣ್ಣ, ನಮ್ಮಣ್ಣ ಪಕ್ಕದಲ್ಲವ್ನಾ? ಇದ್ರೆ ಸ್ವಲ್ಪ ಆಚೆ ಬನ್ನಿ" ಎಂದ. ಆಚೆ ಬಂದೆ.

"ದೊಡ್ಡಪ್ಪ ಹೋಗ್ಬುಟ್ರು ಕಣಣ್ಣ. ಬೆಳಗಿನ ಜಾವ ಎದ್ದು ನೀರು ಕುಡುದ್ರಂತೆ, ಹಂಗೇ ಒರಗ್ಬುಟ್ರು. ಹನ್ನೆರಡು ಗಂಟೆಗೆ ಮಣ್ಣು ಮಾಡ್ತೀವಿ."

"ಶಿವಣ್ಣನಿಗೆ ಕೊಡ್ತೀನಿ ಇರಪ್ಪ" ಎಂದೆ.

"ಅಯ್ಯೋ, ಬ್ಯಾಡಿ ಬ್ಯಾಡಿ! ಅವ್ನಿಗೆ ಹೇಳ್ಬ್ಯಾಡಿ. ಎಷ್ಟು ಎಗರಾಡುದ್ರೂ ಹನ್ನೆರಡು ಗಂಟೆಗೆ ಬರಕ್ಕಾಗಲ್ಲ. ಹೆಂಡ್ರು ಮಕ್ಳು ಕಟ್ಕೊಂಡು ಅಷ್ಟು ದೂರ ಹೋದವ್ನೆ, ಮಕ್ಳು ಆಟ ಹಾಳಾಯ್ತದೆ. ಬಂದ್ಮೇಲೆ ನಾವೇ ಹೇಳ್ತೀವಿ."

"ಹೇಳಬಾರದು ಅಂದ್ಮೇಲೆ ನನಗ್ಯಾಕೆ ಹೇಳ್ದೆ ಮಾರಾಯ?"

"ಇನ್ಯಾರಾದ್ರೂ ಬಾಯ್ಬುಟ್ರೆ ಅವ್ನ ನೋಡ್ಕಳಕ್ಕೆ ಒಬ್ರು ಬೇಕಲ್ಲಣ್ಣ" ಎಂದು ಫೋನಿಟ್ಟ.

ನೋಡಿ, ನಮ್ಮ ಜನ ಹೀಗೆ. ಭಾರವನ್ನು ಇಳಿಸುವುದಿಲ್ಲ, ಇನ್ನೊಬ್ಬರ ತಲೆಗೆ ಬದಲಾಯಿಸುತ್ತಾರೆ. ಕುಮಾರ ಹಗುರಾದ. ನಾನು ಹೊತ್ತುಕೊಂಡು ವ್ಯಾನು ಹತ್ತಿದೆ. ಶಿವಣ್ಣ ಆಗಲೇ ಕಿಟಕಿ ಪಕ್ಕ ಕೂತಿದ್ದ. "ಯಾರಣ್ಣ ಫೋನು?" ಎಂದ. "ಅಂಗಡಿದು" ಎಂದೆ. ಅವನು ತಲೆಯಾಡಿಸಿ ಹೊರಗೆ ನೋಡತೊಡಗಿದ. ಅವನ ತೊಡೆಯ ಮೇಲಿದ್ದ ಚೀಲದ ಬಾಯಿಂದ ಆ ಟಾರ್ಚಿನ ಹಿಡಿ ಇಣುಕುತ್ತಿತ್ತು. ಮಗ ಆಟಕ್ಕೆಂದು ತಂದಿದ್ದನಂತೆ. ನನಗೆ ಆ ಕಡೆ ನೋಡಲಾಗಲಿಲ್ಲ.

ಹೇಳಿದರೆ ಎರಡು ಸಂಸಾರದ ದಿನ ಮುರಿಯುತ್ತದೆ. ಹೇಳದಿದ್ದರೆ, ಸಾಕಿದ ದೊಡ್ಡಪ್ಪನನ್ನು ಮಣ್ಣು ಮಾಡುವ ಹೊತ್ತಿನಲ್ಲಿ ಶಿವಣ್ಣ ಜಾರುಬಂಡೆಯಲ್ಲಿ ಕೇಕೆ ಹಾಕುತ್ತಿರುತ್ತಾನೆ. ನಾಳೆ ಅವನು ನನ್ನ ಮುಖ ನೋಡಿ "ಗೊತ್ತಿದ್ದೂ ಸುಮ್ನಿದ್ರಾ?" ಎಂದರೆ ಏನು ಹೇಳಲಿ? ಕನಿಷ್ಠ ಹನ್ನೆರಡಕ್ಕೆ ಮೊದಲು ಗೊತ್ತಾದರೆ ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಕೈಯಲ್ಲಿ ಗುಬ್ಬಿಯ ಗಂಟೆ ಓಡುತ್ತಿತ್ತು. ನನಗೆ ಐದೂವರೆ ಗಂಟೆ ಉಳಿದಿತ್ತು.

ಟಿಕೆಟ್ ಕಮಾನು

ಪಾರ್ಕಿನ ಬಾಗಿಲಲ್ಲೇ ನಮಗೆ ಮೊದಲ ಪರೀಕ್ಷೆ. ಕಾಟನ್ ಬಟ್ಟೆ ನೀರಿಗೆ ಇಳಿಸುವಂತಿಲ್ಲ, ಹೊರಗಿನ ತಿಂಡಿ ಒಳಗೆ ತರುವಂತಿಲ್ಲ. ಮಂಜುಳಾ ತಂದಿದ್ದ ಕೋಡುಬಳೆ ಡಬ್ಬ ಟವೆಲ್ಲಿನ ಒಳಗೆ, ಟವೆಲ್ಲು ಬ್ಯಾಗಿನ ಒಳಗೆ. ಚೀಲ ನೋಡುವ ಕೆಲಸದವಳು ತಲೆಗೆ ಬಟ್ಟೆ ಸುತ್ತಿ, ಅದರ ಮೇಲೆ ಟೋಪಿ ಇಟ್ಟು, ಕೊರಳಿಗೆ ಪೀಪಿ ನೇತುಹಾಕಿಕೊಂಡಿದ್ದ ಹೆಂಗಸು. ಬ್ಯಾಗು ತೆರೆದು, ಡಬ್ಬ ಹೊರತೆಗೆದು, ಬಳೆಯಂಥ ಆ ವಸ್ತುವನ್ನು ಬೆಳಕಿಗೆ ಹಿಡಿದು ನೋಡಿದಳು. ಆಭರಣವೋ ತಿಂಡಿಯೋ ತಿಳಿಯಲಿಲ್ಲ. ಮಂಜುಳಾ ಒಂದನ್ನು ಅವಳ ಕೈಗಿಟ್ಟಳು. ಅವಳು ಕಚ್ಚಿ, ಕರಕರ ಅಗಿದು, ಡಬ್ಬ ಮುಚ್ಚಿ ಒಳಗಿಟ್ಟು, ಹೆಬ್ಬೆರಳಿನಿಂದ ಒಳಗಿನ ದಾರಿ ತೋರಿಸಿದಳು. ಆ ದೇಶದಲ್ಲಿ ಯಾರಿಗೂ ತೋರುಬೆರಳು ಚಾಚುವುದಿಲ್ಲ. ಮುಷ್ಟಿ ಕಟ್ಟಿ ಹೆಬ್ಬೆರಳು ಮುಂದೆ ಮಾಡಿ ತೋರಿಸುತ್ತಾರೆ. ಬೆರಳು ಚಾಚುವುದು ಮರ್ಯಾದೆಯಲ್ಲವಂತೆ. ನಮ್ಮಲ್ಲಿ ಬೆರಳು ಚಾಚದೆ ಯಾವ ಮಾತು ಮುಗಿದಿದೆ?

ಅಲ್ಲಿಯ ಸಂಸಾರಗಳು ನೀರಿಗೆ ಬರುವ ರೀತಿ ನನಗೆ ಇಷ್ಟವಾಯಿತು. ಅಜ್ಜಿಯಿಂದ ಮೊಮ್ಮಗುವಿನವರೆಗೆ ಹತ್ತು ಹನ್ನೆರಡು ಜನ, ಒಂದೇ ಚಾಪೆ. ಹೆಂಗಸರು ಕುತ್ತಿಗೆಯಿಂದ ಕಾಲಿನವರೆಗೆ ಮೈ ಮುಚ್ಚುವ ಈಜುಬಟ್ಟೆಯಲ್ಲಿ ನಿರಾಳವಾಗಿ ಜಾರುತ್ತಿದ್ದರು. ಅದನ್ನು ನೋಡಿದ ಮೇಲೆ ಗಿರಿಜಾ, ಮಂಜುಳಾ ಇಬ್ಬರಿಗೂ ಧೈರ್ಯ ಬಂತು. ತುಮಕೂರಿನ ಮಂಡಿಪೇಟೆಯಲ್ಲಿ ಇದಕ್ಕೆಂದೇ ಹೊಲಿಸಿಕೊಂಡು ಬಂದಿದ್ದ ನೈಲಾನ್ ಚೂಡಿದಾರ ಹಾಕಿಕೊಳ್ಳಲು ಹೊರಟರು.

"ನೀವು?" ಎಂದಳು ಗಿರಿಜಾ.

"ನಾನು ಸಾಮಾನು ಕಾಯ್ತೀನಿ."

"ಮೊಬೈಲು ಕಾಯ್ತೀನಿ ಅನ್ನಿ" ಎಂದು ಮುಖ ಊದಿಸಿಕೊಂಡು ಹೋದಳು. ಮೊಬೈಲು ಜೇಬಿನಲ್ಲಿತ್ತು. ಕುಮಾರ ಮತ್ತೆ ಮಾಡಿದರೆ? ಜೇಬನ್ನು ಒತ್ತಿ ಹಿಡಿದುಕೊಂಡೇ ನಿಂತೆ. ಒಣ ಬಟ್ಟೆಯ, ಬೂಟು ಹಾಕಿದ ಮನುಷ್ಯ ಆ ಪಾರ್ಕಿಗೆಲ್ಲ ನಾನೊಬ್ಬನೇ ಇದ್ದೆನೆಂದು ಕಾಣುತ್ತದೆ.

ಬಕೆಟ್ಟು

ಒಳಗೆ ಹೋಗುತ್ತಲೇ ಎದುರಿಗೆ ಒಂದು ಉಕ್ಕಿನ ಅಟ್ಟ. ಅದರ ತುದಿಯಲ್ಲಿ ನಮ್ಮ ಮನೆಯ ನೀರಿನ ಸಂಪಿನಷ್ಟು ದೊಡ್ಡ ಕೆಂಪು ಬಕೆಟ್ಟು. ನೀರು ತುಂಬುತ್ತಾ ಹೋಗುತ್ತದೆ, ತುಂಬಿದಾಗ ಗಂಟೆ ಢಣಢಣ ಬಾರಿಸುತ್ತದೆ, ಬಕೆಟ್ಟು ಬಾಗಿ ಕೆಳಗೆ ನಿಂತವರ ತಲೆಯ ಮೇಲೆ ನೀರೆಲ್ಲ ಒಮ್ಮೆಗೇ ಸುರಿಯುತ್ತದೆ. ಬೇರೆ ದಿನವಾಗಿದ್ದರೆ ಶಿವಣ್ಣ ಮೊದಲು ಕೇಳುತ್ತಿದ್ದ ಪ್ರಶ್ನೆ, ಇದಕ್ಕೆ ಎಷ್ಟು ಎಚ್.ಪಿ. ಮೋಟರು ಎಂಬುದು. ಆವತ್ತು ಕೇಳಲಿಲ್ಲ. ಬಟ್ಟೆ ಬದಲಾಯಿಸಲೂ ಹೋಗಲಿಲ್ಲ. ಹಾಕಿಕೊಂಡಿದ್ದ ಶರ್ಟು ಪ್ಯಾಂಟಿನಲ್ಲೇ ಬಕೆಟ್ಟಿನ ಕೆಳಗೆ ನಡೆದ. ಕಾವಲಿನವಳು ಪೀಪಿ ಊದಿದಳು. ಅವನು ಕೈ ಮುಗಿದ. ಅವಳು ಮತ್ತೆ ಊದಿದಳು. ಅವನು ಮತ್ತೆ ಕೈ ಮುಗಿದ.

"ಬಾರೇ ಮಂಜುಳಾ!" ಎಂದು ಕೂಗಿದ.

ಮಂಜುಳಾಗೆ ಶೀತದ ಮೈ. ತಲೆ ನೆನೆಸುವುದಿಲ್ಲ ಎಂದು ಹೊರಡುವಾಗಲೇ ಹೇಳಿ, ಕೂದಲನ್ನು ಪ್ಲಾಸ್ಟಿಕ್ ಟೋಪಿಯೊಳಗೆ ಸೇರಿಸಿಕೊಂಡಿದ್ದಳು. "ನಂಗೆ ಬ್ಯಾಡಪ್ಪ, ತಲೆನೋವು ಬತ್ತದೆ" ಎಂದಳು. ಅವನು ಬಂದು ಅವಳ ಕೈ ಹಿಡಿದು ಎಳೆದ. ಟೋಪಿ ಕಿತ್ತ. "ತಲೆ ಮ್ಯಾಲೆ ನೀರು ಬೀಳ್ಬೇಕು. ಒಂದೇ ಒಂದು ಸಲ. ಬಾ" ಎಂದ. ಮಗಳನ್ನೂ ಮಗನನ್ನೂ ರಟ್ಟೆ ಹಿಡಿದು ತಂದು ನಿಲ್ಲಿಸಿಕೊಂಡ. "ಏನ್ಲಾ, ಓಡ್ತಿಯೇನ್ಲಾ? ನಿಂತ್ಕೊ ಇಲ್ಲಿ!" ಎಂದು ಗದರಿದ.

ನಾಲ್ಕೂ ಜನ ನಿಂತಿದ್ದನ್ನು ಕಂಡು ಗಿರಿಜಾ, ರಶ್ಮಿ ಖುಷಿಯಿಂದ ಓಡಿದರು. ಆಗ ಶಿವಣ್ಣ ಮಾಡಿದ ಕೆಲಸ ಯಾರಿಗೂ ಹಿಡಿಸಲಿಲ್ಲ. ಕೈ ಅಡ್ಡ ಹಿಡಿದು, "ನೀವು ಬ್ಯಾಡಿ ಅಕ್ಕ. ನೀವು ಆಮೇಲೆ. ದಯವಿಟ್ಟು ಈಗ ಬ್ಯಾಡಿ" ಎಂದು ಅವರಿಬ್ಬರನ್ನೂ ಆಚೆ ಸರಿಸಿದ. ಗಂಟೆ ಬಾರಿಸಿತು. ನೀರು ದಬಾರೆಂದು ಬಿತ್ತು. ಮಕ್ಕಳು ಕಿರುಚಿದರು, ಮಂಜುಳಾ ಬೈಯುತ್ತಾ ನಕ್ಕಳು. ಶಿವಣ್ಣ ಕಣ್ಣು ಮುಚ್ಚಿ, ಕೈ ಕೆಳಗೆ ಬಿಟ್ಟು, ಅಲ್ಲಾಡದೆ ನಿಂತಿದ್ದ. ನೀರು ನಿಂತ ಮೇಲೆ ಮುಖ ಒರೆಸಿಕೊಂಡು, ಬಟ್ಟೆ ಬದಲಾಯಿಸಲು ಹೋದ.

ಗಿರಿಜಾ ನೇರ ನನ್ನ ಹತ್ತಿರ ಬಂದಳು. "ನೋಡಿದ್ರಾ ನಿಮ್ಮ ಸ್ನೇಹಿತನ್ನ? ನಾವೇನು ಅವರ ನೀರು ಕುಡಿದು ಖಾಲಿ ಮಾಡ್ತಿದ್ವಾ? ಜನಗಳ ಎದುರಿಗೆ ನಾಯಿ ಓಡ್ಸಿದ ಹಾಗೆ ಓಡ್ಸಿದ್ರು!" ನನಗೂ ಪಿತ್ತ ಕೆರಳಿತು. ಇಂಥವನ ಸಲುವಾಗಿ ನಾನು ಬೆಳಗಿನಿಂದ ಒದ್ದಾಡುತ್ತಿದ್ದೇನಲ್ಲ ಎನಿಸಿತು. ಮರುಕ್ಷಣ ಪಾಪ ಎನಿಸಿತು. ಸಿಟ್ಟು ಬಂದರೂ ಬೈಯುವಂತಿಲ್ಲ, ಅಯ್ಯೋ ಎನಿಸಿದರೂ ಹೇಳುವಂತಿಲ್ಲ.

ಸುತ್ತುಹೊಳೆ

ಪಾರ್ಕನ್ನು ಬಳಸಿಕೊಂಡು ಒಂದು ಹೊಳೆ ಮಾಡಿದ್ದಾರೆ. ಎದೆಮಟ್ಟದ ನೀರು ತನ್ನಷ್ಟಕ್ಕೆ ತಾನೇ ಹರಿಯುತ್ತದೆ. ಟ್ಯೂಬಿನಲ್ಲಿ ಕೂತರೆ ಸಾಕು, ಸುತ್ತು ಹಾಕಿಸಿ ಹೊರಟ ಜಾಗಕ್ಕೇ ತಂದು ಬಿಡುತ್ತದೆ. ಹೆಂಗಸರು ಮಕ್ಕಳು ಜಾರುಬಂಡೆಯ ಸಾಲಿನಲ್ಲಿ ನಿಂತಾಗ ಶಿವಣ್ಣ ಒಬ್ಬನೇ ಒಂದು ಟ್ಯೂಬಿನಲ್ಲಿ ಕೂತು ತೇಲಿದ. ಹೇಳುವುದಿದ್ದರೆ ಇದೇ ಸಮಯ ಎಂದು ನಾನು ದಡದಲ್ಲಿ ಅವನ ಜೊತೆ ಜೊತೆಗೇ ನಡೆದೆ.

"ಶಿವಣ್ಣ..."

"ಏನಣ್ಣ?"

ಅಷ್ಟರಲ್ಲಿ ನೀರು ಅವನನ್ನು ಕಮಾನಿನ ಕೆಳಗೆ ಎಳೆದುಕೊಂಡು ಹೋಯಿತು. ನಾನು ಸೇತುವೆ ಹತ್ತಿ ಇಳಿದು ಆಚೆ ಕಡೆ ಓಡಿದೆ. ಅವನು ಬಂದ. "ನಿಮ್ ವಾಚಲ್ಲಿ ಎಷ್ಟಾಯ್ತಣ್ಣ?" ಎಂದ.

"ಒಂಬತ್ತೂ ಕಾಲು."

"ಊರಿನ ಟೈಮಲ್ವಾ ಅದು?"

"ಹೂಂ. ಶಿವಣ್ಣ, ಒಂದು ವಿಷಯ..."

ಅಷ್ಟರಲ್ಲಿ ಒಬ್ಬ ದಪ್ಪ ಚೀನೀ ಅಜ್ಜ ತನ್ನ ಟ್ಯೂಬಿನಿಂದ ಶಿವಣ್ಣನ ಟ್ಯೂಬಿಗೆ ಢೀ ಕೊಟ್ಟು, ಇಬ್ಬರೂ ಗಿರಗಿರ ತಿರುಗಿ ಮುಂದೆ ಹೋದರು. ಅಜ್ಜ "ಸಾರಿ ಲಾ, ಸಾರಿ ಲಾ" ಎಂದು ನಗುತ್ತಿದ್ದ. ಹೀಗೆ ಮೂರು ಸುತ್ತು. ನನ್ನ ಬೂಟಿನೊಳಗೆ ಬೆವರು. ಎರಡನೇ ಸುತ್ತಿನಲ್ಲಿ ಕಾವಲಿನವನು ದಡದಲ್ಲಿ ಓಡಬಾರದೆಂದು ಪೀಪಿ ಊದಿದ. ಮೂರನೇ ಸುತ್ತಿನಲ್ಲಿ ಶಿವಣ್ಣ ಮತ್ತೆ "ಎಷ್ಟಾಯ್ತಣ್ಣ?" ಎಂದ. ಹಸಿವಾಗಿರಬೇಕು ಎಂದುಕೊಂಡೆ. ನಾಲ್ಕನೇ ಸುತ್ತಿಗೆ ಧೈರ್ಯ ಒಟ್ಟುಮಾಡಿಕೊಂಡು ನಿಂತರೆ ಟ್ಯೂಬು ಖಾಲಿ ಬಂತು. ಅವನು ಎಲ್ಲೋ ಎದ್ದು ಹೋಗಿದ್ದ.

ಊಟದ ಚಪ್ಪರ

ಒಂದು ಗಂಟೆಗೆ, ಅಂದರೆ ನನ್ನ ಹತ್ತೂವರೆಗೆ, ಎಲ್ಲರೂ ಚಪ್ಪರದ ಕೆಳಗೆ ಸೇರಿದೆವು. ತೆಂಗಿನಹಾಲಿನಲ್ಲಿ ಬೇಯಿಸಿದ ಅನ್ನ, ಪಕ್ಕದಲ್ಲಿ ಸೌತೆಕಾಯಿ, ಕಡಲೆಬೀಜ, ಕೆಂಪು ಗೊಜ್ಜು. ತೆಂಗು ಬಿದ್ದದ್ದೇ ನಮ್ಮ ಹೆಂಗಸರಿಗೆ ಧೈರ್ಯ. ಗಿರಿಜಾ ಗೊಜ್ಜನ್ನು ಮೂಸಿ, ಒಣಮೀನಿನ ವಾಸನೆ ಎಂದು ಆಚೆ ಸರಿಸಿ, ಚಟ್ನಿಪುಡಿಯ ಪೊಟ್ಟಣ ಬಿಚ್ಚಿದಳು. ಪಕ್ಕದ ಚಾಪೆಯ ಮಲಯ ಅಜ್ಜಿ ಅದನ್ನು ನೋಡಿ ಕೈ ಚಾಚಿದಳು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ತಲೆ ತೂಗಿ, ತನ್ನ ಮಕ್ಕಳಿಗೆಲ್ಲ ಹಂಚಿದಳು. ಪೊಟ್ಟಣ ವಾಪಸು ಬರುವಾಗ ಅರ್ಧವಾಗಿತ್ತು. ಗಿರಿಜಾ ಮೊದಲ ಸಲ ನಕ್ಕಳು.

ಶಿವಣ್ಣ ಊಟ ಮುಟ್ಟಲಿಲ್ಲ. "ಹೊಟ್ಟೆ ಯಾಕೋ ಸರಿಯಿಲ್ಲ, ನೀವು ತಿನ್ನಿ" ಎಂದ.

"ನಿನ್ನೆ ಕಂಡಿದ್ದೆಲ್ಲ ತಿಂದ್ರೆ ಇನ್ನೇನಾಯ್ತದೆ" ಎಂದಳು ಮಂಜುಳಾ, ಒದ್ದೆ ಕೂದಲು ಹಿಂಡಿಕೊಳ್ಳುತ್ತಾ. "ಬೆಳಗಿಂದ ಹಿಂಗೇ ಆಡ್ತಾವ್ರೆ ಅಕ್ಕ. ನೀವು ತಪ್ಪು ತಿಳ್ಕೊಬ್ಯಾಡಿ."

"ನಾನ್ಯಾಕೆ ತಪ್ಪು ತಿಳ್ಕೊಳ್ಳಲಿ" ಎಂದಳು ಗಿರಿಜಾ. ತಪ್ಪು ತಿಳಿದುಕೊಂಡವರು ಮಾತ್ರ ಹೇಳುವ ದನಿಯಲ್ಲಿ ಹೇಳಿದಳು.

ಚೇತನ್ ಟಾರ್ಚು ತೆಗೆದು ಹಗಲಲ್ಲೇ ಹಿಡಿ ತಿರುಗಿಸತೊಡಗಿದ. ಗುರ್ ಗುರ್ ಸದ್ದು. ಶಿವಣ್ಣ ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು, ಟವೆಲ್ಲಿನಲ್ಲಿ ಸುತ್ತಿ, ಚೀಲದ ತಳಕ್ಕೆ ಇಟ್ಟ.

ಅಲೆ ಬರುವ ದಂಡೆ

ಸಮುದ್ರವಿಲ್ಲದ ಜಾಗದಲ್ಲಿ ಸಮುದ್ರ ಮಾಡಿದ್ದರು. ಸಿಮೆಂಟಿನ ಕೊಳ, ಅದರ ತುದಿಯಲ್ಲಿ ಗೋಡೆ, ಗೋಡೆಯ ಹಿಂದೆ ಯಂತ್ರ. ಗಂಟೆಗೊಮ್ಮೆ ಕಹಳೆ ಊದಿದರೆ ಅಲೆ ಏಳುತ್ತದೆ. ಕೊಳದ ಈಚೆ ಎಲ್ಲಿಂದಲೋ ತಂದು ಸುರಿದ ಬಿಳಿ ಮರಳು. ಹೆಂಗಸರು ಮಕ್ಕಳು ಕೈ ಕೈ ಹಿಡಿದು ನೀರಿಗಿಳಿದರು. ಶಿವಣ್ಣ ಒಬ್ಬನೇ ಮರಳಿನ ಆಚೆ ತುದಿಗೆ ಹೋಗಿ ಕೂತ. ನನ್ನ ಗಡಿಯಾರದಲ್ಲಿ ಹನ್ನೆರಡಕ್ಕೆ ಆರು ನಿಮಿಷ.

ಇನ್ನು ತಡೆಯಲು ಆಗಲಿಲ್ಲ. ಹೋಗಿ ಪಕ್ಕದಲ್ಲಿ ಕುಕ್ಕರಿಸಿದೆ. "ಶಿವಣ್ಣ, ನನ್ನ ಬೈಯಬೇಡ. ಬೆಳಿಗ್ಗೆ ಫೋನ್ ಮಾಡಿದ್ದು ಅಂಗಡಿಯವರಲ್ಲ. ಕುಮಾರ. ನಿಮ್ಮ ದೊಡ್ಡಪ್ಪ..." ಎಂದೆ.

"ಗೊತ್ತು ಬುಡಿ ಅಣ್ಣ" ಎಂದ.

ನಾನು ಅವನ ಮುಖ ನೋಡಿದೆ.

"ನೀವೆಲ್ಲ ತಿಂಡಿ ತಿಂತಿದ್ರಲ್ಲ, ಆಗ ಹೋಟ್ಲು ಕೌಂಟರ್‌ನಿಂದ ಫೋನ್ ಮಾಡ್ದೆ. ಅವ್ರ ಮನೆಗೇ. ಮೂರು ವರ್ಷ ಆದ್ಮೇಲೆ. ಟಾರ್ಚ್ ತಗೊಂಡಿದೀನಿ ಕಣ್ ದೊಡ್ಡಪ್ಪ ಅಂತ ಹೇಳ್ಬೇಕು ಅಂತ. ದೂರದಿಂದಾದ್ರೆ ಮುಖ ನೋಡ್ದೆ ಮಾತಾಡ್ಬೋದು ಅಂತ. ಅವ್ರ ಮೊಮ್ಮಗಳು ಎತ್ತಿದ್ಲು. ತಾತ ಹೋಗ್ಬುಡ್ತು, ಹನ್ನೆರಡು ಗಂಟೆಗೆ ಮಣ್ಣು ಅಂದ್ಲು. ಅಳ್ತಿದ್ಲು. ನಾನು ಫೋನ್ ಮಾಡಿದ್ದೆ ಅಂತ ಯಾರಿಗೂ ಹೇಳ್ಬ್ಯಾಡ ಕಣವ್ವ ಅಂತ ಇಟ್ಬುಟ್ಟೆ."

"ಮಂಜುಳಾಗೆ ಹೇಳಿಲ್ವಾ?"

"ಹೇಳುದ್ರೆ ಈ ಮಕ್ಳು ಗತಿ? ವರ್ಷದಿಂದ ಕಾಯ್ತಾ ಇದ್ವು. ಆದ್ರೆ ಸೂತಕದ ಸ್ನಾನ ಆಗ್ಬೇಕಲ್ಲಣ್ಣ. ಕೇಳಿದ್ ಮ್ಯಾಲೆ ಉಟ್ಟ ಬಟ್ಟೇಲೇ ತಲೆಗೆ ನೀರು ಬೀಳ್ಬೇಕಲ್ಲ. ನಂಗೊಬ್ಬಂಗಲ್ಲ, ಮನೆಯೋರಿಗೆಲ್ಲ. ಅದ್ಕೇ ಆ ಬಕೆಟ್ಟು."

ನನಗೆ ಬೆಳಗಿನದೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂತು. ಕಿತ್ತೆಸೆದ ಪ್ಲಾಸ್ಟಿಕ್ ಟೋಪಿ, ಮುಗಿದ ಕೈ, ಮುಟ್ಟದ ಊಟ. ಮಣ್ಣು ಆಗುವವರೆಗೆ ನಮ್ಮ ಕಡೆ ಯಾರೂ ಉಣ್ಣುವುದಿಲ್ಲ.

"ಮತ್ತೆ ಗಿರಿಜಾನ ಯಾಕೆ..."

"ಅವ್ರಿಗ್ಯಾಕಣ್ಣ ನಮ್ಮನೆ ಸಾವಿನ ನೀರು?" ಎಂದ. "ಬ್ಯಾಜಾರು ಮಾಡ್ಕೊಂಡ್ರು ಅಲ್ವಾ? ಊರಿಗೋದ್ಮೇಲೆ ಕಾಲು ಹಿಡ್ಕೋತೀನಿ."

ಅವನು ನೀರಿನ ಕಡೆ ನೋಡುತ್ತಾ ಮಾತಾಡಿದ. "ಮದ್ದೂರಲ್ಲಿ ಮೋಟ್ರು ಯಾಕೆ ತಗೊಂಡ್ರು ಗೊತ್ತಾ? ನನ್ನತ್ರ ಬಂದ್ರೆ ದುಡ್ಡು ಇಸ್ಕೊಳಲ್ಲ ಅಂತ. ಈಗ ತಾನೆ ಅಂಗಡಿ ಇಟ್ಟವ್ನೆ, ಅವ್ನಿಗ್ಯಾಕೆ ಲಾಸು ಮಾಡ್ಲಿ ಅಂತ. ಅದು ನಂಗೆ ಆವತ್ತೇ ಗೊತ್ತಿತ್ತು ಕಣಣ್ಣ. ಗೊತ್ತಿದ್ದೂ ಮೂರು ವರ್ಷ ಮಾತಾಡ್ಲಿಲ್ಲ. ಊರೋರು ನಕ್ಕಿದ್ದೇ ದೊಡ್ಡದಾಯ್ತು ನಂಗೆ." ಅವನು ನನ್ನ ಮಣಿಕಟ್ಟಿನ ಕಡೆ ತಿರುಗಿದ. "ಈಗ ಎಷ್ಟಾಯ್ತು?"

ಆಗ ತಿಳಿಯಿತು, ಬೆಳಗಿನಿಂದ ಅವನು ನನ್ನ ಗಡಿಯಾರದಲ್ಲಿ ಏನು ನೋಡುತ್ತಿದ್ದ ಎಂದು. "ಹನ್ನೆರಡು" ಎಂದೆ.

ಅವನು ಕೈಯಿಂದ ಮರಳು ತೋಡಿ ಚಿಕ್ಕ ಗುಣಿ ಮಾಡಿದ. ಪಶ್ಚಿಮ ಯಾವ ಕಡೆ ಎಂದು ಸೂರ್ಯನನ್ನು ನೋಡಿ ಗುರುತಿಸಿಕೊಂಡು, ಊರಿನ ಕಡೆ ತಿರುಗಿ ಕೂತ. ಒಂದು ಹಿಡಿ ಮರಳು ಹಾಕಿದ. ಎರಡನೆಯದು ಹಾಕಿದ. ಮೂರನೆಯದು ಕೈಯಲ್ಲೇ ಬಹಳ ಹೊತ್ತು ಇತ್ತು. ಆಗ ಕಹಳೆ ಊದಿತು. ಅಲೆ ಎದ್ದಿತು. ನೂರಾರು ಜನ ಒಟ್ಟಿಗೆ ಕೇಕೆ ಹಾಕಿದರು. ಆ ಗದ್ದಲದಲ್ಲಿ ಶಿವಣ್ಣ ಬಾಯಿ ಬಿಟ್ಟು ಅತ್ತ. ಯಾರಿಗೂ ಕೇಳಿಸಲಿಲ್ಲ. ನಾನೂ ಮೂರು ಹಿಡಿ ಹಾಕಿದೆ. ಆ ಮುದುಕರನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಆದರೂ ಕಣ್ಣು ತುಂಬಿ ಬಂತು.

ಅಲೆ ನಿಂತ ಮೇಲೆ ಅವನು ಮುಖ ಒರೆಸಿಕೊಂಡು ನನ್ನ ಬೂಟು, ಒಣ ಶರ್ಟು ನೋಡಿದ. ಆ ದಿನ ಮೊದಲ ಸಲ ಅವನ ಹಳೆಯ ನಗು ತುಸು ಕಾಣಿಸಿತು. "ಈಗ ನೀವೂ ಸಿಕ್ಕಾಕೊಂಡ್ರಿ ಅಣ್ಣ. ಮಣ್ಣಿಗೆ ಬಂದೋರು ಸ್ನಾನ ಮಾಡ್ದೆ ಹೋಗಂಗಿಲ್ಲ."

ಮತ್ತೆ ಬಕೆಟ್ಟು

ಇಬ್ಬರೂ ಎದ್ದು ಬಕೆಟ್ಟಿನ ಕಡೆ ನಡೆದೆವು. ಅಲೆಯಾಟ ಮುಗಿಸಿ ಬಂದ ನಮ್ಮವರು ಅಲ್ಲೇ ಬೆಂಚಿನ ಮೇಲೆ ಕೂತು ಕೋಡುಬಳೆ ತಿನ್ನುತ್ತಿದ್ದರು. ಬಾಗಿಲಲ್ಲಿ ಸಿಕ್ಕಿದ್ದ ಟೋಪಿಯ ಹೆಂಗಸೂ ಜೊತೆಯಲ್ಲಿ ನಿಂತು ಇನ್ನೊಂದು ಅಗಿಯುತ್ತಿದ್ದಳು. ನಾನು ಬೂಟು ಬಿಚ್ಚಿದೆ. ಮೊಬೈಲು ತೆಗೆದು ಗಿರಿಜಾಳ ಮಡಿಲಿಗೆ ಹಾಕಿದೆ. ಕೊನೆಗೆ ಗಡಿಯಾರವನ್ನೂ ಬಿಚ್ಚಿ ಅವಳ ಕೈಗೆ ಕೊಟ್ಟೆ.

"ಏನ್ರೀ ಇದು?" ಎಂದಳು ಕಣ್ಣರಳಿಸಿ.

"ನೆನೆಯುತ್ತೆ. ಹಿಡ್ಕೊಂಡಿರು."

ಉಟ್ಟ ಬಟ್ಟೆಯಲ್ಲೇ ಹೋಗಿ ಬಕೆಟ್ಟಿನ ಕೆಳಗೆ ನಿಂತೆ. ಶಿವಣ್ಣ ಪಕ್ಕದಲ್ಲಿ ನಿಂತ. ಟೋಪಿಯ ಹೆಂಗಸು ಅಭ್ಯಾಸ ಬಲದಿಂದ ಪೀಪಿ ಬಾಯಿಗಿಟ್ಟವಳು, ನಮ್ಮಿಬ್ಬರ ಮುಖ ನೋಡಿ, ಏನನಿಸಿತೋ, ಊದದೆ ಕೆಳಗಿಳಿಸಿದಳು. ಮೇಲೆ ನೀರು ತುಂಬುತ್ತಿತ್ತು. ರಶ್ಮಿ ಚಪ್ಪಾಳೆ ತಟ್ಟಿದಳು. ಮಂಜುಳಾ ನಗುತ್ತಾ ಮಗನಿಗೆ ತೋರಿಸಿದಳು. ಗಿರಿಜಾ ಬೆಂಚಿನಿಂದ ಎದ್ದು, ನನ್ನ ಗಡಿಯಾರ ಹಿಡಿದ ಕೈಯನ್ನು ಮೇಲೆತ್ತಿ, ಇಡೀ ಪಾರ್ಕಿಗೆ ಕೇಳುವಂತೆ ಕೂಗಿದಳು:

"ಅಂತೂ ಮಲೇಷ್ಯಾಕ್ಕೆ ಬಂದ್ರಲ್ಲಪ್ಪ!"

ನಾನು ಹುಲಿಯೂರುದುರ್ಗದಲ್ಲಿ ಒಬ್ಬರನ್ನು ಮಣ್ಣು ಮಾಡಿ ಈಗಷ್ಟೇ ಬರುತ್ತಿದ್ದೇನೆ ಎಂದು ಅವಳಿಗೆ ಹೇಳುವಂತಿರಲಿಲ್ಲ. ಕೈ ಬೀಸಿದೆ. ಗಂಟೆ ಬಾರಿಸತೊಡಗಿತು. ಶಿವಣ್ಣ ಕಣ್ಣು ಮುಚ್ಚಿಕೊಂಡ. ನಾನೂ ಮುಚ್ಚಿಕೊಂಡೆ.